ತಪ್ಪಿದ ಐದು ಹೆಜ್ಜೆಗಳು

ಕುಷ್ಟಗಿಯಿಂದ ಗಂಗಾವತಿಗೆ ಹೋಗುವ ಬಸ್ಸಿನಲ್ಲಿ ಯಾವ ಕಂಬಿಯನ್ನೂ ಹಿಡಿಯದೆ ನಿಲ್ಲುವ ಕಂಡಕ್ಟರ್ ಒಬ್ಬರಿದ್ದರು. ತಾವರಗೇರಾ ದಾಟಿದ ಮೇಲೆ ಆಗಿನ ರಸ್ತೆ ರಸ್ತೆಯಾಗಿರಲಿಲ್ಲ. ಸೀಟಿನಲ್ಲಿ ಕುಳಿತವರೇ ಗೇಣೆತ್ತರ ಹಾರಿ ಬೀಳುತ್ತಿದ್ದರು. ಇವರು ಮಾತ್ರ ಸೀಟುಗಳ ನಡುವೆ ಕಾಲು ಅಗಲಿಸಿ, ಮೊಣಕಾಲು ತುಸು ಬಾಗಿಸಿ, ಎರಡೂ ಕೈಯಲ್ಲಿ ಟಿಕೇಟು ಹರಿಯುತ್ತ ನಿಂತಿರುತ್ತಿದ್ದರು. ಬಸ್ಸು ಎಡಕ್ಕೆ ವಾಲಿದರೆ ಸೊಂಟದ ಕೆಳಗಷ್ಟೇ ವಾಲುತ್ತಿದ್ದರು. ತಲೆ ಮತ್ತು ಹೆಗಲು ಇದ್ದಲ್ಲೇ ಇರುತ್ತಿದ್ದವು. ಹೊಸಬರು ಯಾರಾದರೂ ಗಾಬರಿಯಾಗಿ, "ಕಂಬಿ ಹಿಡ್ಕೋರಿ ಸಾಹೇಬ್ರ, ಬೀಳ್ತೀರಿ" ಎಂದರೆ, "ಇಪ್ಪತ್ತು ವರ್ಷ ಆತು, ಬೀಳಾಕ ನೋಡಾಕತ್ತೀನ್ರಿ. ಇನ್ನೂ ಬಿದ್ದಿಲ್ಲ" ಎಂದು ಮುಂದಿನ ಸೀಟಿಗೆ ಸರಿಯುತ್ತಿದ್ದರು.

ಅವರು ನನಗೆ ಕರಾಟೆ ಕಲಿಸಿದವರು. ಹೋದ ತಿಂಗಳು ತೀರಿಕೊಂಡರು. ಎರಡು ದಿನ ಜ್ವರ, ಮೂರನೆಯ ದಿನ ಇಲ್ಲ. ಮಣ್ಣಿಗೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಯಾರಿಗೂ ತ್ರಾಸ ಕೊಡಲಿಲ್ಲವ್ವ. ನಿಂತಂಗ ಇದ್ರು, ನಿಂತಂಗ ಹೋದ್ರು" ಎಂದರು.

ಇಲ್ಲಿ ನಾನು ಅವರ ಹೆಸರು ಬರೆಯುತ್ತಿಲ್ಲ. ಕುಷ್ಟಗಿಯ ಶಾಲೆಯ ಬಯಲಿನ ಗೋಡೆಗೆ ಅವರೇ ಸುಣ್ಣದಲ್ಲಿ ಬರೆದ ಬೋರ್ಡಿನಲ್ಲಿ ಕೂಡ ಹೆಸರಿರಲಿಲ್ಲ. "ಕರಾಟೆ. ಮುಂಜಾನೆ ಐದಕ್ಕ. ಬರೋರು ಬರ್ರಿ" ಎಂದಿತ್ತು, ಅಷ್ಟೇ. ಹೆಸರು ಯಾಕೆ ಹಾಕಿಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ, "ಹೆಸರು ನೋಡಿ ಬರೋರು ಹೆಸರು ನೋಡಿ ಹೋಗ್ತಾರ" ಎಂದಿದ್ದರು. ನಾವೆಲ್ಲ ಅವರನ್ನು ಸರ್ ಎನ್ನುತ್ತಿದ್ದೆವು. ಇಲ್ಲಿಯೂ ಹಾಗೆಯೇ ಇರಲಿ.

ನಾನು ಆಗ ಏಳನೇ ಇಯತ್ತೆ. ನಮ್ಮದು ಕುಷ್ಟಗಿಯಲ್ಲಿ ಅರಿವೆ ಅಂಗಡಿ. ಒಂದು ಸಂಜೆ ಸರ್ ಖಾಕಿ ಬಟ್ಟೆ ಕೊಳ್ಳಲು ಬಂದಿದ್ದರು. ಕಪಾಟಿನ ಮೇಲಿನ ಅಂಕಣದಿಂದ ಥಾನು ಇಳಿಸಲು ನಾನು ಸ್ಟೂಲಿನ ಮೇಲೆ ಹತ್ತಿ, ಒಂಟಿಗಾಲಲ್ಲಿ ನಿಂತು ಎಳೆದೆ. ಅವರು ಬಟ್ಟೆ ನೋಡಲಿಲ್ಲ, ನನ್ನ ಕಾಲು ನೋಡಿದರು.

"ಅಣ್ಣಾರ, ಈ ಹುಡುಗಿನ್ನ ಬಯಲಿಗೆ ಕಳಸ್ರಿ" ಎಂದರು ಅಪ್ಪನಿಗೆ.

"ಹೆಣ್ಣು ಹುಡುಗಿ ಕಾಲು ಎತ್ತಿ ಒದ್ದರ ಛಲೋ ಕಾಣ್ತೈತೇನ್ರಿ?" ಎಂದರು ಅಪ್ಪ.

"ಛಲೋ ಕಾಣಲಿ ಅಂತ ಒದಿಯೂದಲ್ರಿ ಅದು."

ಅಪ್ಪ ನಕ್ಕುಬಿಟ್ಟರು. ನಗಿಸಿದವರ ಮಾತಿಗೆ ಇಲ್ಲ ಎನ್ನುವುದು ಅವರಿಗೆ ಬರುತ್ತಿರಲಿಲ್ಲ. ಮರುದಿನದಿಂದ ನಾನು ಬಯಲಿಗೆ ಹೋದೆ.

ಬಯಲೆಂದರೆ ಕಲ್ಲಿನ ಬಯಲು. ಮೊದಲ ಹತ್ತು ನಿಮಿಷ ಎಲ್ಲರೂ ಬಗ್ಗಿ ಹರಳು ಆರಿಸಿ ಅಂಚಿಗೆ ಎಸೆಯಬೇಕು. ಸರ್ ಕೂಡ ಆರಿಸುತ್ತಿದ್ದರು. ಮರುದಿನ ಅಷ್ಟೇ ಹರಳು ಮತ್ತೆ ಎಲ್ಲಿಂದಲೋ ಬಂದಿರುತ್ತಿದ್ದವು. ಆಮೇಲೆ ಸಾಲಾಗಿ ನಿಂತು ಗುದ್ದುವುದು. ಅವರು ಎಣಿಸುತ್ತಿದ್ದುದು ಜಪಾನಿ ಅಂಕಿಯಲ್ಲಿ: ಇಚ್ಚಿ, ನೀ, ಸಾನ್. ಮೊದಲ ದಿನ ಅವರು ನನ್ನ ಕಡೆ ನೋಡುತ್ತಲೇ "ನೀ!" ಎಂದದ್ದಕ್ಕೆ ನನ್ನನ್ನೇ ಕರೆದರೆಂದು ಮುಂದೆ ಓಡಿ ಹೋಗಿ ನಿಂತಿದ್ದೆ. ಇಡೀ ಸಾಲು ನಕ್ಕಿತು. ಸರ್ ನಗಲಿಲ್ಲ. "ಕರದ್ರ ಬಂದಾಳ. ಅದೂ ಛಲೋನ" ಎಂದರು.

ಅವರ ಕಣ್ಣು ಯಾವಾಗಲೂ ನಮ್ಮ ಪಾದದ ಮೇಲೆ. ಕೈ ಎಷ್ಟು ಜೋರಾಗಿ ಬೀಸಿದರೂ ಮೆಚ್ಚುತ್ತಿರಲಿಲ್ಲ. "ಕೈ ಸುಳ್ಳ ಹೇಳ್ತೈತಿ. ಕಾಲಿಗೆ ಸುಳ್ಳ ಹೇಳಾಕ ಬರಂಗಿಲ್ಲ" ಎನ್ನುತ್ತಿದ್ದರು. ಮಣ್ಣಿನ ಮೇಲೆ ನಮ್ಮ ಹೆಜ್ಜೆಯ ಗುರುತು ನೋಡಿಯೇ ಯಾರು ಎಲ್ಲಿ ಭಾರ ಹಾಕಿದ್ದಾರೆಂದು ಹೇಳಿಬಿಡುತ್ತಿದ್ದರು. ಏಳೂಕಾಲಿಗೆ ಅವರ ಬಸ್ಸು. ಏಳಕ್ಕೆ ಸರಿಯಾಗಿ ಬಿಳಿ ಅಂಗಿ ಕಳಚಿ ಖಾಕಿ ತೊಟ್ಟು, ಚರ್ಮದ ಚೀಲ ಹೆಗಲಿಗೇರಿಸಿ ನಿಲ್ದಾಣದ ಕಡೆ ಹೊರಡುತ್ತಿದ್ದರು.

ಅವರು ಕಲಿತದ್ದು ಹೇಗೆ ಎಂಬುದು ಆಗ ನಮಗೆ ಅರ್ಧವಷ್ಟೇ ಗೊತ್ತಿತ್ತು. ಸರ್‌ಗೆ ಇಪ್ಪತ್ತು ವಯಸ್ಸಾಗಿದ್ದಾಗ ಗಂಗಾವತಿಯ ರೈಸ್ ಮಿಲ್ಲೊಂದಕ್ಕೆ ಯಂತ್ರ ಕೂಡಿಸಲು ಹೊರಗಿನವರೊಬ್ಬರು ಬಂದಿದ್ದರಂತೆ. ಅವರಿಗೆ ಕರಾಟೆ ಬರುತ್ತಿತ್ತು. ಎರಡು ವರ್ಷ ಇದ್ದರು, ಸಂಜೆ ಹೊತ್ತು ಕಾಲುವೆ ದಂಡೆಯ ಮೇಲೆ ಕಲಿಸಿದರು. ಸೊಂಟಕ್ಕೆ ಕಟ್ಟುವ ಪಟ್ಟಿಗಳಲ್ಲಿ ಕಪ್ಪಿಗಿಂತ ಒಂದೇ ಮೆಟ್ಟಿಲು ಕೆಳಗಿನ ಕಂದು ಬಣ್ಣದ ಪಟ್ಟಿಯ ತನಕ ತಂದು ಕೆಲಸ ಮುಗಿಯಿತೆಂದು ಹೊರಟುಹೋದರು. ಮತ್ತೆ ಬರಲಿಲ್ಲ. ಉಳಿದದ್ದನ್ನು ಸರ್ ಒಬ್ಬರೇ ದುಡಿದರು. ಅವರ ಮನೆಯ ಹಿತ್ತಲಲ್ಲಿ ಎರಡು ತಗಡಿನ ಡಬ್ಬಿ ಇದ್ದವು. ಒಂದರಲ್ಲಿ ಸಾವಿರ ಹುಣಸೆಬೀಜ. ಗೋಡೆಗೆ ಕಟ್ಟಿದ ಹಗ್ಗದ ಸುರುಳಿಗೆ ಒಂದು ಗುದ್ದಿದರೆ ಒಂದು ಬೀಜ ಆಚೆಯ ಡಬ್ಬಿಗೆ. ಬೀಜ ಮುಗಿಯುವವರೆಗೆ ಚಹಾ ಇಲ್ಲ.

"ನಮ್ಮ ಲಗ್ನದ ದಿನಾನೂ ಮುಂಜಾನೆ ಎಲ್ಲಾರೂ ವರನ್ನ ಹುಡುಕಾಕ ಹತ್ತಿದ್ರವ್ವ" ಎಂದು ಅವರ ಮನೆಯವರು ನನಗೊಮ್ಮೆ ಹೇಳಿದ್ದರು. "ಅರಿಷಿಣ ಹಚ್ಚಿದ ಕೈಲೇ ಗ್ವಾಡಿ ಗುದ್ದಾಕ ಹತ್ತಿದ್ರು. ಆ ಗ್ವಾಡಿಗೆ ಇನ್ನೂ ಹಳದಿ ಐತಿ ನೋಡು." ನಾನು ನೋಡಿದೆ. ನಿಜವಾಗಿಯೂ ಇತ್ತು.

ಅಷ್ಟು ಗಟ್ಟಿ ಕೈ ಯಾರ ಮೇಲೂ ಬಿದ್ದದ್ದನ್ನು ನಾನು ಕಾಣಲಿಲ್ಲ. ಒಮ್ಮೆ ಅವರ ಬಸ್ಸಿನಲ್ಲೇ ನಾನು ಗಂಗಾವತಿಗೆ ಹೊರಟಿದ್ದೆ. ಕನಕಗಿರಿಯಲ್ಲಿ ಕುಡಿದವನೊಬ್ಬ ಹತ್ತಿದ. ಟಿಕೇಟು ಕೇಳಿದ್ದಕ್ಕೆ ಸಿಟ್ಟಿಗೆದ್ದು ಕೈ ಬೀಸಿದ. ಸರ್ ಮುಖ ಒಂದು ಬೆರಳಿನಷ್ಟು ಹಿಂದಕ್ಕೆ ಹೋಯಿತು. ಮುಷ್ಟಿ ಗಾಳಿಯಲ್ಲಿ ಹಾದುಹೋಯಿತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಅವನೇ ಆಯ ತಪ್ಪಿದ. ಬೀಳುವ ಮೊದಲು ಸರ್ ಅವನ ಬಗಲಿಗೆ ಕೈಕೊಟ್ಟು ಸೀಟಿನಲ್ಲಿ ಕೂಡಿಸಿ, ಟಿಕೇಟು ಹರಿದು ಅವನ ಅಂಗಿಯ ಜೇಬಿಗೆ ಇಟ್ಟರು. ನನಗೆ ಭಾರಿ ನಿರಾಸೆಯಾಯಿತು.

"ಒಂದರೆ ಹೊಡೀಬೇಕಿತ್ರಿ ಸರ್" ಎಂದೆ ಇಳಿಯುವಾಗ.

"ಯಾಕ? ಅಂವ ನನ್ನ ಬಸ್ಸಿನಾಗ ಕುಂತಾನ. ಗಂಗಾವತಿ ಮುಟ್ಟೂ ತನಕ ಅಂವ ನನ್ನ ಮನಷ್ಯಾ" ಎಂದರು.

ನಾನು ಅವರನ್ನು ದೇವರೆಂದುಕೊಂಡಿದ್ದೆ ಎಂದರೆ ಹೆಚ್ಚಾಗದು. ಆದ್ದರಿಂದಲೇ ಮುಂದೆ ಆದದ್ದು ಅಷ್ಟು ಕಷ್ಟವಾಯಿತು.

ಕರಾಟೆಯಲ್ಲಿ ಕಟಾ ಎಂಬುದೊಂದಿದೆ. ಎದುರಾಳಿಯಿಲ್ಲದೆ ಒಬ್ಬರೇ ಮಾಡುವ ಹೆಜ್ಜೆ ಮತ್ತು ಏಟುಗಳ ಸರಣಿ. ಪ್ರತಿಯೊಂದಕ್ಕೂ ಗೊತ್ತಾದ ಕ್ರಮ ಉಂಟು. ಒಂದು ಹೆಜ್ಜೆ ಆಚೀಚೆ ಆಗುವಂತಿಲ್ಲ. ಸರ್ ದೊಡ್ಡ ವಿದ್ಯಾರ್ಥಿಗಳಿಗೆ ನಲವತ್ತು ಹೆಜ್ಜೆಗಳ ಒಂದು ಕಟಾ ಕಲಿಸುತ್ತಿದ್ದರು. ಅದನ್ನು ಕಲಿಯಲು ನನಗೆ ಮೂರು ವರ್ಷ ಹಿಡಿಯಿತು. ಡಿಗ್ರಿಯ ಎರಡನೆಯ ವರ್ಷದಲ್ಲಿ, ನನಗೆ ಹತ್ತೊಂಬತ್ತು ತುಂಬಿದಾಗ, ಧಾರವಾಡದಲ್ಲಿ ನಡೆದ ಒಂದು ಕಾಲೇಜು ಸ್ಪರ್ಧೆಗೆ ಹೋದೆ. ಕುಷ್ಟಗಿಯಿಂದ ಹಾಗೆ ಹೋದ ಮೊದಲ ಹುಡುಗಿ ನಾನೇ. ಸರ್ ರಜೆ ಸಿಗದೆ ಬರಲಾಗಲಿಲ್ಲ. ಬಸ್ಸು ಹತ್ತಿಸುವಾಗ, "ಪಾದ ಒಂದ ನೆನಪಿಡು. ಉಳದದ್ದು ಅದ ಬರ್ತೈತಿ" ಎಂದಿದ್ದರು.

ಚಾಪೆಯ ಮೇಲೆ ನಿಂತೆ. ಹದಿನೆಂಟು ಹೆಜ್ಜೆ ಚೆನ್ನಾಗಿ ಹೋದವು. ಹತ್ತೊಂಬತ್ತನೆಯದಕ್ಕೆ ನಾನು ಎಡಕ್ಕೆ ತಿರುಗಿ ಒದ್ದೆ. ಪಕ್ಕದಲ್ಲಿ ಕುಳಿತ ಹುಡುಗಿಯರು ಕಿಸಕ್ಕನೆ ನಕ್ಕದ್ದು ಕೇಳಿಸಿತು. ಇಪ್ಪತ್ತಮೂರನೆಯದರ ಹೊತ್ತಿಗೆ ತೀರ್ಪುಗಾರರು ಕೈಯೆತ್ತಿ ನಿಲ್ಲಿಸಿದರು. ಅವರು ಒಳ್ಳೆಯವರೇ. ಹತ್ತಿರ ಕರೆದು, "ನಿನ್ನಂಥ ನಿಲುವು ಇಲ್ಲಿ ಯಾರಿಗೂ ಇಲ್ಲಮ್ಮ. ಆದರೆ ನಡುವಿನ ಈ ಐದು ಹೆಜ್ಜೆ ಎಲ್ಲಿಂದ ತಂದೆ? ಇಂಥವು ಯಾವ ಕಟಾದಲ್ಲೂ ಇಲ್ಲ" ಎಂದರು. ನನ್ನನ್ನು ಸ್ಪರ್ಧೆಯಿಂದ ಕೈಬಿಟ್ಟರು.

ಮರುದಿನ ಐದಕ್ಕೆ ಬಯಲಿಗೆ ಹೋದೆ. ನಲವತ್ತು ಮಕ್ಕಳು ಸಾಲಾಗಿ ನಿಂತಿದ್ದರು. ಅಂದು ಯಾಕೋ ಕೆಲವು ತಂದೆತಾಯಿಗಳೂ ಇದ್ದರು. ನಾನು ಒಂದು ಕ್ಷಣವೂ ಕಾಯಲಿಲ್ಲ. ಎಲ್ಲರ ಎದುರಿಗೇ ಕೇಳಿದೆ.

"ಸರ್, ಆ ಐದು ಹೆಜ್ಜಿ ಎಲ್ಲಿಂದ ತಂದ್ರಿ? ನನ್ನ ನೋಡಿ ಮಂದಿ ನಕ್ಕರು."

ಸರ್ ನನ್ನ ಪಾದ ನೋಡಲಿಲ್ಲ. ಮುಖ ನೋಡಿದರು. ಆಮೇಲೆ ಮಕ್ಕಳಿಗೆಲ್ಲ ಕೂಡಲು ಹೇಳಿದರು. ಅವರಿಗೆ ಸುಳ್ಳು ಹೇಳುವುದು ಸುಲಭವಿತ್ತು. ಧಾರವಾಡದವರದು ಬೇರೆ ಪದ್ಧತಿ, ನಮ್ಮದು ಬೇರೆ ಎಂದಿದ್ದರೆ ಅಲ್ಲಿದ್ದ ಎಲ್ಲರೂ ನಂಬುತ್ತಿದ್ದರು. ನಾನೂ ನಂಬುತ್ತಿದ್ದೆ, ನಂಬಲು ಕಾತರಳಾಗಿದ್ದೆ.

"ಈ ಕಟಾ ನನಗ ನನ್ನ ಗುರುಗಳು ಕಲಸಿಲ್ಲ" ಎಂದರು. "ಅವರು ಹೋದ ಮ್ಯಾಲೆ ಬಳ್ಳಾರಿ ಫುಟ್‌ಪಾತಿನ್ಯಾಗ ಒಂದು ಚಿತ್ರದ ಪುಸ್ತಕ ಸಿಕ್ತು. ಅದನ್ನ ನೋಡಿ ಕಲ್ತೆ. ನಡುವಿನ ಎರಡು ಹಾಳಿ ಗೆದ್ದಲ ತಿಂದಿತ್ತು. ಆ ಜಾಗಾದಾಗ ಏನೈತಿ ಅಂತ ನನಗ ಗೊತ್ತಿರಲಿಲ್ಲ. ಐದು ಹೆಜ್ಜಿ ನಾನ ಕಟ್ಟಿ ಹಾಕಿದೆ. ಯಾರಿಗೂ ಹೇಳಲಿಲ್ಲ."

ಅವರು ಸೊಂಟದ ಕಪ್ಪು ಪಟ್ಟಿಗೆ ಕೈಹಾಕಿದರು.

"ಇದನ್ನೂ ಯಾರೂ ಕೊಟ್ಟಿಲ್ಲ. ಕರಿ ಪಟ್ಟಿ ಇಲ್ಲಂದ್ರ ಮಕ್ಕಳನ್ನ ಕಳಸಂಗಿಲ್ಲ ಅಂತ ನಾನ ಹೊಲಿಸಿಕೊಂಡೀನಿ. ನನ್ನದು ಕಂದು ಪಟ್ಟಿ."

ಗಂಟು ಬಿಚ್ಚಿದರು. ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ನೆಲದ ಮೇಲಿಟ್ಟರು. ನಂತರ ನನಗೆ, ತಮ್ಮ ಮಗಳ ವಯಸ್ಸಿನವಳಿಗೆ, ಸೊಂಟದಿಂದ ಬಗ್ಗಿ ನಮಸ್ಕಾರ ಮಾಡಿದರು. "ತಪ್ಪಾತು" ಎಂದರು.

ಅವರು ಹೊರಟುಹೋದ ಮೇಲೂ ನಾವು ಕುಳಿತೇ ಇದ್ದೆವು. ಒಬ್ಬ ತಂದೆ ಮಾತ್ರ ಎದ್ದು, "ಖೊಟ್ಟಿ ಮಾಸ್ತರ" ಎಂದು ಉಗುಳಿ ಮಗನನ್ನು ಎಳೆದುಕೊಂಡು ಹೋದ.

ತರಗತಿ ತಿಂಗಳೊಳಗೆ ಚದುರಿತು. ಅದು ನಡೆದ ಹದಿನೈದು ವರ್ಷಗಳಲ್ಲಿ ಅವರ ಕೈಯಲ್ಲಿ ಕಲಿತವರು ನೂರಾರು ಮಂದಿ. ಊರಲ್ಲಿ ನಾಲ್ಕು ದಿನ ಅದೇ ಮಾತು. ಬಸ್ಸಿನಲ್ಲೂ ಕೆಲವರು ಅವರಿಗೆ ಕೇಳುವಂತೆ ನಗುತ್ತಿದ್ದರಂತೆ. ಅವರು ಟಿಕೇಟು ಕೊಡುತ್ತಲೇ ಇದ್ದರು. ನಾನು ಕರಾಟೆ ಬಿಟ್ಟೆ. ಸಿಟ್ಟಿನಿಂದ ಬಿಟ್ಟೆ ಎಂದು ಎಲ್ಲರಿಗೂ ಹೇಳಿದೆ. ನಿಜವೆಂದರೆ ಆ ಬಯಲಿನ ಕಡೆ ಮುಖ ತೋರಿಸುವ ಧೈರ್ಯ ಇರಲಿಲ್ಲ. ಬೇರೆ ಹೊತ್ತಿನಲ್ಲಿ, ಒಬ್ಬರೇ ಇದ್ದಾಗ ಕೇಳಬಹುದಿತ್ತಲ್ಲ ಎಂಬುದು ವರ್ಷಗಟ್ಟಲೆ ನನ್ನನ್ನು ಕೊರೆಯಿತು. ಎಂ.ಎ. ಮುಗಿಸಿದೆ, ಮದುವೆಯಾಯಿತು, ಕೊಪ್ಪಳದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ಕೆಲಸ ಸಿಕ್ಕಿತು.

ಸರ್ ಏನು ಮಾಡಿದರೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಸ್ಪರ್ಧೆಯಾಗಿ ಒಂದೆರಡು ವರ್ಷಕ್ಕೆ ಗಂಗಾವತಿ ಹತ್ತಿರದ ಶ್ರೀರಾಮನಗರದಲ್ಲಿ ಅನೂಷಾ ಎಂಬ ಹುಡುಗಿಯೊಬ್ಬಳು ಕರಾಟೆ ಕಲಿಸಲು ಶುರುಮಾಡಿದ್ದಳು. ಕಾಲುವೆ ಕೆಳಗಿನ ಭತ್ತದ ರೈತರ ಮಗಳು. ಹೈದರಾಬಾದಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಚಿಕ್ಕಂದಿನಿಂದ ಕಲಿತು, ಸರಿಯಾದ ಪರೀಕ್ಷೆ ಕೊಟ್ಟು ಕಪ್ಪು ಪಟ್ಟಿ ಪಡೆದವಳು. ಆಗ ಅವಳಿಗೆ ಇಪ್ಪತ್ತನಾಲ್ಕು, ಸರ್‌ಗೆ ಐವತ್ತು. ಭತ್ತ ಒಣಗಿಸುವ ಸಿಮೆಂಟಿನ ಕಣದಲ್ಲಿ ಅವಳ ತರಗತಿ. ಒಂದು ಮಧ್ಯಾಹ್ನ ಖಾಕಿ ತೊಟ್ಟ ಕಂಡಕ್ಟರ್ ಒಬ್ಬರು ಕಣದ ಅಂಚಿಗೆ ಚಪ್ಪಲಿ ಬಿಟ್ಟು ನಿಂತರಂತೆ. ಮಗುವನ್ನು ಸೇರಿಸಲು ಬಂದಿದ್ದಾರೆಂದು ಅವಳು ಮಗುವಿನ ವಯಸ್ಸು ಕೇಳಿದಳು.

"ಐವತ್ತು" ಎಂದರಂತೆ ಸರ್.

ಹೋದ ತಿಂಗಳು ಸರ್ ಮಣ್ಣಿಗೆ ಬಂದಾಗ ಅವಳೇ ಇದನ್ನು ನನಗೆ ಹೇಳಿದ್ದು, ನಗುತ್ತ, ಕಣ್ಣು ಒರೆಸಿಕೊಳ್ಳುತ್ತ. "ನಿಂತು ತೋರಿಸಿ ಅಂದೆ. ನಿಂತರು. ನನಗೆ ಭಯ ಆತು ಅಕ್ಕಾ. ಅಂಥ ನಿಲುವು ನಾನು ಹೈದರಾಬಾದಿನಾಗೂ ನೋಡಿಲ್ಲ. ಬಾಬಾಯಿ, ನಿಮಗೆ ಕಲಿಸೋಕೆ ನನ್ನ ಕಡೆ ಏನೂ ಇಲ್ಲ ಅಂದೆ. ಐದು ಹೆಜ್ಜಿ ಅದಾವು, ಆದ್ರ ನನಗ ಮೊದಲಿಂದ ಬೇಕು, ಬಿಳಿ ಪಟ್ಟಿಯಿಂದ ಅಂದ್ರು."

ಬಾಬಾಯಿ ಎಂದರೆ ತೆಲುಗಿನಲ್ಲಿ ಚಿಕ್ಕಪ್ಪ. ಅವಳು ಕೊನೆಯವರೆಗೂ ಹಾಗೇ ಕರೆದಳು. ಅವರು ಅವಳನ್ನು ಕೊನೆಯವರೆಗೂ ಗುರುಗಳೇ ಎಂದರು. ಗಂಗಾವತಿಯಲ್ಲಿ ಬಸ್ಸು ತಿರುಗುವುದಕ್ಕೆ ಎರಡು ತಾಸು ಬಿಡುವಿದ್ದ ದಿನ, ವಾರದ ರಜೆಯ ದಿನ, ಹಬ್ಬದ ದಿನ ಅವರು ಶ್ರೀರಾಮನಗರಕ್ಕೆ ಹೋದರು. ಎಂಟು ಹತ್ತು ವರ್ಷದ ಮಕ್ಕಳ ಸಾಲಿನಲ್ಲಿ ಕೊನೆಗೆ ನಿಂತರು. ಎತ್ತರ ಆಳು, ನರೆತ ಮೀಸೆ, ಬಿಳಿ ಪಟ್ಟಿ. ಹಳದಿ ಪಟ್ಟಿಯ ಪರೀಕ್ಷೆ ಕೊಟ್ಟರು, ಹಸಿರಿನದು ಕೊಟ್ಟರು, ಯಾವುದನ್ನೂ ಹಾರಿಸಲಿಲ್ಲ. ಅವಳು ಎರಡು ಪಟ್ಟಿ ಒಮ್ಮೆಗೇ ಕೊಡಲು ಹೋದಾಗ ಬೇಡವೆಂದರು.

ಎಲ್ಲಕ್ಕಿಂತ ಕಷ್ಟವಾದದ್ದು ಆ ಐದು ಹೆಜ್ಜೆಗಳು. ಸರಿಯಾದದ್ದನ್ನು ಅನೂಷಾ ಅರ್ಧ ಗಂಟೆಯಲ್ಲಿ ತೋರಿಸಿದ್ದಳು. ಮಾಡಲು ಹೋದರೆ ಇಪ್ಪತ್ತು ವರ್ಷದಿಂದ ರೂಢಿಯಾದ ಕಾಲು ತಾನಾಗಿ ಎಡಕ್ಕೆ ತಿರುಗಿಬಿಡುತ್ತಿತ್ತು. ಎರಡು ವರ್ಷ ಹೀಗೇ ಆಯಿತು. ಮಕ್ಕಳು ನಗುತ್ತಿದ್ದರು. ಒಂದು ಬೇಸಗೆಯಲ್ಲಿ, ಕಾಯ್ದ ಸಿಮೆಂಟಿನ ಮೇಲೆ, ಅದೇ ತಿರುವನ್ನು ಅಂಗಾಲು ಸುಲಿಯುವ ತನಕ ಮಾಡಿದರಂತೆ. ಅವಳು ಅತ್ತುಬಿಟ್ಟು, "ಸಾಕು ಬಾಬಾಯಿ, ಬಿಡಿ" ಎಂದಳು. ಅವರು ಕೂತು ಕಾಲಿಗೆ ಅರಿವೆ ಸುತ್ತಿಕೊಳ್ಳುತ್ತ, "ಕಲಿಯೂದು ಸರಳ ಐತ್ರಿ ಗುರುಗಳ. ಕಲ್ತದ್ದನ್ನ ಮರಿ ಅಂತ ಕಾಲಿಗೆ ತಿಳಿಸಿ ಹೇಳೂದು ಭಾಳ ತ್ರಾಸ" ಎಂದರು. ಮತ್ತೆ ಎದ್ದು ನಿಂತರು.

ಐವತ್ತೇಳನೆಯ ವಯಸ್ಸಿಗೆ ಅವರು ಕಪ್ಪು ಪಟ್ಟಿಯ ಪರೀಕ್ಷೆ ಗೆದ್ದರು. ಹೊರಗಿನಿಂದ ಬಂದ ಪರೀಕ್ಷಕರು ಮುಗಿದ ಮೇಲೆ ಎದ್ದು ನಿಂತರೆಂದು ಅನೂಷಾ ಹೇಳಿದಳು. ಯಾರಿಗಾದರೂ ಅದು ಸಾಕಾಗುತ್ತಿತ್ತು. ನನಗಾಗಿದ್ದರೆ ಸಾಕಾಗುತ್ತಿತ್ತು.

ಸರ್ ಅಲ್ಲಿಂದ ಇನ್ನೊಂದು ಕೆಲಸ ಶುರುಮಾಡಿದರು. ತಾವು ತಪ್ಪು ಕಲಿಸಿದ ಒಬ್ಬೊಬ್ಬ ವಿದ್ಯಾರ್ಥಿಯನ್ನೂ ಹುಡುಕಿಕೊಂಡು ಹೋಗಿ ಸರಿಯಾದ ಐದು ಹೆಜ್ಜೆ ಕಲಿಸುವುದು. ಎಲ್ಲರಿಗೂ ಅಲ್ಲ, ಆ ದೊಡ್ಡ ಕಟಾದ ತನಕ ಬಂದವರಿಗೆ. ಅಂಥವರು ಅರವತ್ತು ಎಪ್ಪತ್ತು ಮಂದಿ. ಅವರ ಹೆಸರು ಎಲ್ಲೂ ಬರೆದಿರಲಿಲ್ಲ. ಬಸ್ಸಿನ ನಿಲುಗಡೆಗಳ ಹಾಗೆ ಬಾಯಲ್ಲೇ ಸಾಲಾಗಿದ್ದವು. ಮೊದಲು ತಮ್ಮ ದಾರಿಯ ಮೇಲಿದ್ದವರು. ಕನಕಗಿರಿಯ ನಿಲ್ದಾಣದಲ್ಲಿ ಚಹಾ ಅಂಗಡಿ ಇಟ್ಟವನಿಗೆ ಒಲೆಯ ಪಕ್ಕದಲ್ಲೇ, ಬಸ್ಸು ನಿಂತ ಹತ್ತು ಹತ್ತು ನಿಮಿಷದಲ್ಲಿ, ಹದಿನೈದು ದಿನ. ನಿವೃತ್ತಿಯಾದ ಮೇಲೆ ಉಳಿದವರು. ಯಲಬುರ್ಗಾದಲ್ಲಿ ಪೊಲೀಸ್ ಆಗಿದ್ದವನಿಗೆ ಠಾಣೆಯ ಹಿಂದಿನ ಬೇವಿನ ಗಿಡದ ಕೆಳಗೆ, ಅವನು ಬೂಟು ಬಿಚ್ಚಿಟ್ಟು. ಹನುಮಸಾಗರದಲ್ಲಿ ಮೂರು ಮಕ್ಕಳ ತಾಯಿಯಾಗಿದ್ದವಳಿಗೆ ಅವಳ ಮನೆಯ ಮಾಳಿಗೆಯ ಮೇಲೆ. ಕೆಲವರು ನಕ್ಕರು. ಒಬ್ಬ ಬಾಗಿಲು ಹಾಕಿಕೊಂಡ. ಅವನ ಮನೆಗೆ ನಾಲ್ಕು ಸಲ ಹೋದರು, ನಾಲ್ಕನೆಯ ಸಲ ಅವನು ಹೊರಗೆ ಬಂದ.

ಎರಡು ವರ್ಷದ ಹಿಂದೆ, ಒಂದು ರವಿವಾರ ಮುಂಜಾನೆ, ಅವರು ಕೊಪ್ಪಳದಲ್ಲಿ ನನ್ನ ಮನೆಯ ಬಾಗಿಲಿಗೆ ಬಂದರು. ಹದಿನೇಳು ವರ್ಷವಾಗಿತ್ತು ನೋಡಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಗಿರಿಜಾ, ನಿನ್ನ ಹತ್ತಿರ ಮೊದಲ ಬರಬೇಕಿತ್ತು. ಧೈರ್ಯ ಆಗಲಿಲ್ಲ" ಎಂದರು ಅವರು. ನಾನು ಹದಿನೇಳು ವರ್ಷದಿಂದ ಹೇಳಬೇಕೆಂದುಕೊಂಡದ್ದೂ ಅದೇ ಮಾತು.

ಯಾಕೆ ಬಂದದ್ದೆಂದು ಹೇಳಿದರು. ನಾನು ತಬ್ಬಿಬ್ಬಾದೆ.

"ಸರ್, ನನಗ ಈಗ ಕಾಲು ಏಳಂಗಿಲ್ರಿ. ಮತ್ತ ಈಗೆಲ್ಲಾ ಫೋನ್ ಐತಿ. ವಿಡಿಯೊ ಮಾಡಿ ಎಲ್ಲಾರಿಗೂ ಕಳಿಸಿದ್ರ ಆಗ್ತಿತ್ತಲ್ರಿ. ಇಷ್ಟು ಊರು ಯಾಕ ಅಡ್ಡಾಡ್ತೀರಿ?"

"ತಪ್ಪನ್ನ ಎದುರ ನಿಂತು ಕಲಸೀನಿ. ಒಪ್ಪನ್ನ ಫೋನಿನ್ಯಾಗ ಕಳಸಲೇನು?"

ನಾನು ಸೆರಗು ಸಿಕ್ಕಿಸಿ ಮನೆಯ ಮುಂದಿನ ಅಂಗಳದಲ್ಲಿ ನಿಂತೆ. ಮರೆತಿದ್ದೇನೆಂದುಕೊಂಡ ಹದಿನೆಂಟು ಹೆಜ್ಜೆಗಳು ತಾವಾಗಿ ಬಂದವು. ಹತ್ತೊಂಬತ್ತಕ್ಕೆ ಅವರು "ಇಲ್ಲಿ" ಎಂದು ನನ್ನ ಹೆಗಲು ಹಿಡಿದು ನಿಲ್ಲಿಸಿದರು. ಬಲಗಾಲು ಹಿಂದಕ್ಕೆ ಸರಿಯಬೇಕು, ಬೆನ್ನ ಕಡೆಯಿಂದ ತಿರುಗಬೇಕು, ತಗ್ಗಬೇಕು, ಎರಡು ಅಂಗೈ ತೆರೆಯಬೇಕು, ಏಳಬೇಕು. ಅಷ್ಟೇ. ಒದೆಯಿಲ್ಲ, ಏಟಿಲ್ಲ. ಮೂರು ದಿನ ನಮ್ಮ ಮನೆಯಲ್ಲಿ ಉಳಿದು, ನನ್ನ ಕಾಲಿಗೆ ಅದು ಕೂಡುವ ತನಕ ಬಿಡಲಿಲ್ಲ. ಮೂರನೆಯ ದಿನ ನಾನು ಅಳುತ್ತ, "ಅವತ್ತು ಮಂದಿ ಮುಂದ ಕೇಳಬಾರದಾಗಿತ್ತು ಸರ್" ಎಂದೆ.

"ಮಂದಿ ಮುಂದ ಕೇಳಿದ್ದಕ್ಕ ಖರೆ ಹೇಳಿದೆ. ಒಬ್ಬಕಿನ ಬಂದು ಕೇಳಿದ್ರ ಏನರ ಹೇಳಿ ಕಳಸತಿದ್ನೇನೋ. ನನಗ ನನ್ನ ಮ್ಯಾಲೆ ಅಷ್ಟು ನಂಬಿಕಿ ಇಲ್ಲವ್ವ" ಎಂದರು.

ಇನ್ನು ಒಬ್ಬನೇ ಉಳಿದಿದ್ದ. ಯಮನೂರಪ್ಪ. ನನಗಿಂತ ಮೂರು ವರ್ಷ ದೊಡ್ಡವನು, ಬಯಲಿನಲ್ಲಿ ನನ್ನ ಮುಂದಿನ ಸಾಲಿನವನು, ನಮ್ಮೆಲ್ಲರಿಗಿಂತ ಚುರುಕು. ಅವನ ಮನೆಯವರು ಕುಷ್ಟಗಿ ಬಿಟ್ಟು ತಾಯಿಯ ತವರೂರಾದ ಇಟಗಿಗೆ ಹೋಗಿದ್ದರು. ನಾಲ್ಕನೆಯ ದಿನ ನಾನೇ ಸ್ಕೂಟರಿನ ಮೇಲೆ ಸರ್ ಅವರನ್ನು ಕರೆದುಕೊಂಡು ಇಟಗಿಗೆ ಹೊರಟೆ. ಗುಡಿಯ ಹಿಂದಿನ ಓಣಿಯಲ್ಲಿ ಕೇಳುತ್ತ ಹೋಗಿ ಮನೆ ಹಿಡಿದೆವು. ಅಂಗಳದಲ್ಲಿ ಅವನ ತಾಯಿ ಹನುಮವ್ವ ಆಡುಗಳಿಗೆ ಸೊಪ್ಪು ಹಾಕುತ್ತಿದ್ದರು.

"ಯಮನೂರ ಅದಾನೇನ್ರಿ?" ಎಂದರು ಸರ್.

ಮುದುಕಿ ನಮ್ಮಿಬ್ಬರನ್ನೂ ನೋಡಿದರು. "ಅಂವ ಹೋಗಿ ಮೂರು ವರ್ಷ ಆತ್ರಿ. ಕಾಮಾಲಿ ಆಗಿತ್ತು."

ಸರ್ ಅಲ್ಲೇ ಕಟ್ಟೆಯ ಮೇಲೆ ಕುಳಿತರು. ಬಸ್ಸಿನಲ್ಲಿ ಎಂದೂ ಬೀಳದವರು ಒಂದು ಕೈಯಿಂದ ಕಂಬ ಹಿಡಿದುಕೊಂಡದ್ದನ್ನು ನಾನು ಅಂದು ಕಂಡೆ. ಹನುಮವ್ವ ಒಳಗಿನಿಂದ ನೀರು ತಂದುಕೊಟ್ಟು, ಮುಖ ದಿಟ್ಟಿಸಿ, "ನೀವು ಕುಷ್ಟಗಿ ಕಂಡಕ್ಟರ್ ಸಾಹೇಬ್ರಲ್ಲ?" ಎಂದರು. ಸರ್ ಹೌದೆಂದು ತಲೆಯಾಡಿಸಿ, ಬಂದ ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಪುಸ್ತಕ, ಗೆದ್ದಲು, ಐದು ಹೆಜ್ಜೆ, ಎಲ್ಲ.

ಹನುಮವ್ವ ಅಂಗಳದ ನಡುವೆ ಕೈತೋರಿಸಿದರು. "ಇಲ್ಲೇ ಮಾಡತಿದ್ನರಿ ದಿನಾ. ಹೊಲಕ್ಕ ಹೋಗೂಕಿಂತ ಮೊದಲ. ಬ್ಯಾನಿ ಬಿದ್ದ ಮ್ಯಾಲೂ ಎದ್ದು ನಿಂದರತಿದ್ನ. ಹಂಗಾದ್ರ ನನ್ನ ಮಗ ಅಷ್ಟು ವರ್ಷ ತಪ್ಪು ಮಾಡಿದ್ನೇನ್ರಿ?"

"ಅಂವ ಅಲ್ಲವ್ವ. ತಪ್ಪು ಮಾಡಿದಾಂವ ನಾನು."

ಹನುಮವ್ವ ಎದ್ದರು. ಸೀರೆಯ ನಿರಿಗೆ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿದರು. ಅಂಗಳದ ನಡುವೆ ಹೋಗಿ ಬರಿಗಾಲಲ್ಲಿ ನಿಂತರು.

"ನನಗ ತೋರಸ್ರಿ. ಅಂವನ ಹೆಜ್ಜಿ ನಾ ಹಾಕ್ತೀನಿ."

ಸರ್ ಎದ್ದು ಅವರ ಪಕ್ಕಕ್ಕೆ ಹೋಗಿ ನಿಂತರು. ಬಲಗಾಲು ಹಿಂದಕ್ಕೆ ಸರಿಸಿ ತೋರಿಸಿದರು. ಮುದುಕಿ ಸರಿಸಿದರು. ತಿರುಗಿ ತೋರಿಸಿದರು, ಅವರು ಒಂದು ಸಲ ತಡವರಿಸಿ ತಿರುಗಿದರು. ತಗ್ಗಿದಾಗ ಮೊಣಕಾಲು ನೋವಿಗೆ "ಯವ್ವಾ" ಎಂದರು, ಆದರೂ ತಗ್ಗಿದರು. ದುಡಿದು ಬಿರುಕುಬಿಟ್ಟ ಎರಡು ಅಂಗೈ ತೆರೆದರು. ಮೆಲ್ಲಗೆ ಎದ್ದರು. ಮೂರು ಸಲ ಹಾಗೆ ಮಾಡಿದರು. ಮೂರನೆಯ ಸಲ ಸರ್ ತೋರಿಸಲಿಲ್ಲ, ಪಾದವನ್ನಷ್ಟೇ ನೋಡುತ್ತ ನಿಂತರು. ಹೆಜ್ಜೆ ಸರಿಯಾಗಿತ್ತು.

"ಇದರ ಮುಂದಿಂದು?" ಎಂದು ಕೇಳಿದರು ಹನುಮವ್ವ, ಏದುಸಿರಿನಲ್ಲಿ.

"ಮುಂದಿಂದು ಯಮನೂರಗ ಬರತಿತ್ತವ್ವ" ಎಂದರು ಸರ್. "ಅದನ್ನ ಅಂವ ಭಾಳ ಛಲೋ ಮಾಡತಿದ್ನ."